ಪಾದ ಮತ್ತು ಹರಡು: ದುಡಿಯುವ ಕಾಲಿನ ರಚನೆ, ನಡಿಗೆ ಮತ್ತು ಪೆಟ್ಟುಗಳು



ಹಿಂದೆ ರಾಷ್ಟ್ರೀಯ ಹೆದ್ದಾರಿ 13 ಎಂದು ಕರೆಯಲಾಗುತ್ತಿದ್ದ ರಸ್ತೆ ಸೊಲ್ಲಾಪುರದಲ್ಲಿ ಆರಂಭವಾಗಿ ವಿಜಯಪುರ, ಇಳಕಲ್, ಕುಷ್ಟಗಿ, ಹೊಸಪೇಟೆ, ಚಿತ್ರದುರ್ಗ, ಶಿವಮೊಗ್ಗಗಳನ್ನು ದಾಟಿ ಮಂಗಳೂರಿಗೆ ಬಂದು ಮುಗಿಯುತ್ತಿತ್ತು. 2010ರಲ್ಲಿ ಹೆದ್ದಾರಿಗಳಿಗೆ ಹೊಸ ಸಂಖ್ಯೆ ಕೊಟ್ಟ ಮೇಲೆ ಕುಷ್ಟಗಿಯ ಭಾಗ 50 ಆಯಿತು, ನಮ್ಮ ಮೂಡುಬಿದಿರೆ-ಕಾರ್ಕಳದ ಭಾಗ 169 ಆಯಿತು. ಸಂಖ್ಯೆ ಬೇರೆಯಾದರೂ ಸಂಬಂಧ ಕಡಿದುಹೋಗಿಲ್ಲ. ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ, ಗಂಗಾವತಿ ಕಡೆಯ ಎಷ್ಟೋ ಕುಟುಂಬಗಳು ಮಳೆ ಕೈಕೊಟ್ಟ ವರ್ಷ ಕೆಲಸ ಹುಡುಕಿಕೊಂಡು ಕರಾವಳಿಗೆ ಬರುತ್ತವೆ. ನಮ್ಮ ಮನೆಗಳ ಅಡಿಪಾಯ ಅಗೆಯುವವರು, ಕೆಂಪು ಕಲ್ಲು ಹೊರುವವರು, ಸಾರುವೆಯ ಮೇಲೆ ನಿಂತು ಗೋಡೆಗೆ ಗಾರೆ ಮಾಡುವವರು, ರಸ್ತೆಗೆ ಡಾಂಬರು ಹಾಕುವವರು ಹೆಚ್ಚಾಗಿ ಇವರೇ. ನಮ್ಮ ಚರ್ಚುಗಳ, ಶಾಲೆಗಳ ಕಟ್ಟಡಗಳಲ್ಲೂ ಇವರ ಬೆವರು ಇದೆ.

ಇಂಥವರಿಗೆ ಕಾಲು ಎಂದರೆ ದಿನದ ಕೂಲಿ. ಕಚೇರಿಯಲ್ಲಿ ಕೂತು ಕೆಲಸ ಮಾಡುವವನ ಕಾಲು ಉಳುಕಿದರೆ ಎರಡು ದಿನ ರಜೆ ಹಾಕಬಹುದು. ತಲೆಯ ಮೇಲೆ ಕಾಂಕ್ರೀಟಿನ ಬಾಣಲೆ ಹೊತ್ತು ಏಣಿ ಹತ್ತುವವಳ ಕಾಲು ಉಳುಕಿದರೆ ಆ ಮನೆಯ ಒಲೆಯೇ ಉರಿಯುವುದಿಲ್ಲ. ಆದ್ದರಿಂದ ಪಾದ ಮತ್ತು ಹರಡಿನ ರಚನೆ ಹೇಗಿದೆ, ಅವು ಹೇಗೆ ಚಲಿಸುತ್ತವೆ, ಸಾಮಾನ್ಯವಾಗಿ ಯಾವ ಪೆಟ್ಟುಗಳಾಗುತ್ತವೆ, ಮೊದಲ ಗಳಿಗೆಯಲ್ಲಿ ಏನು ಮಾಡಬೇಕು ಎಂಬುದನ್ನು ಈ ಲೇಖನದಲ್ಲಿ ಸರಳವಾಗಿ ತಿಳಿದುಕೊಳ್ಳೋಣ. ಇದು ವೈದ್ಯರ ಸಲಹೆಗೆ ಬದಲಿ ಅಲ್ಲ. ಯಾವಾಗ ವೈದ್ಯರ ಬಳಿಗೆ ಹೋಗಲೇಬೇಕು ಎಂದು ತಿಳಿಯುವುದಕ್ಕೆ ಮಾತ್ರ.

26 ಎಲುಬುಗಳ ಪಾದ

ನಮ್ಮ ಒಂದೊಂದು ಪಾದದಲ್ಲಿ 26 ಎಲುಬುಗಳಿವೆ. ಎರಡೂ ಪಾದ ಸೇರಿ 52. ವಯಸ್ಕರ ದೇಹದಲ್ಲಿ ಒಟ್ಟು ಇರುವುದು 206 ಎಲುಬುಗಳು. ಅಂದರೆ ದೇಹದ ನಾಲ್ಕನೇ ಒಂದು ಭಾಗದಷ್ಟು ಎಲುಬುಗಳು ಪಾದಗಳಲ್ಲೇ ಇವೆ. ಒಂದು ಪಾದದಲ್ಲಿ 33 ಕೀಲುಗಳಿವೆ; ಅವುಗಳನ್ನು ಹಿಡಿದಿಟ್ಟುಕೊಳ್ಳುವ ಅಸ್ಥಿರಜ್ಜುಗಳು, ಸ್ನಾಯುಗಳು, ಸ್ನಾಯುರಜ್ಜುಗಳು ಸೇರಿ ನೂರಕ್ಕೂ ಹೆಚ್ಚು.

ಪಾದವನ್ನು ಮೂರು ಭಾಗಗಳಾಗಿ ನೋಡಬಹುದು.

ಹಿಂಭಾಗದಲ್ಲಿ ಎರಡು ಎಲುಬುಗಳಿವೆ. ಕೆಳಗಿರುವುದು ಹಿಮ್ಮಡಿಯ ಎಲುಬು. ಪಾದದಲ್ಲಿ ಎಲ್ಲಕ್ಕಿಂತ ದೊಡ್ಡದು ಇದೇ. ಅದರ ಮೇಲೆ ಕೂತಿರುವುದು ಹರಡಿನ ಎಲುಬು, ವೈದ್ಯರು ಇದನ್ನು ಟೇಲಸ್ ಎನ್ನುತ್ತಾರೆ. ಇದಕ್ಕೊಂದು ವಿಶೇಷವಿದೆ: ಇದಕ್ಕೆ ಯಾವ ಸ್ನಾಯುವೂ ಅಂಟಿಕೊಂಡಿಲ್ಲ. ಇದರ ಮೈಯ ಅರ್ಧಕ್ಕಿಂತ ಹೆಚ್ಚು ಭಾಗ ನುಣುಪಾದ ಮೃದ್ವಸ್ಥಿಯಿಂದ ಮುಚ್ಚಿದೆ. ಹಾಗಾಗಿ ರಕ್ತನಾಳಗಳು ಒಳಗೆ ಹೋಗಲು ಜಾಗ ಕಡಿಮೆ. ಇದು ಮುರಿದರೆ ವಾಸಿಯಾಗುವುದು ನಿಧಾನ.

ನಡುಭಾಗದಲ್ಲಿ ಐದು ಚಿಕ್ಕ ಎಲುಬುಗಳು ಕಲ್ಲಿನ ಕಮಾನಿನ ಹಾಗೆ ಒಂದಕ್ಕೊಂದು ಒತ್ತಿಕೊಂಡಿವೆ.

ಮುಂಭಾಗದಲ್ಲಿ ಐದು ಉದ್ದ ಎಲುಬುಗಳೂ ಬೆರಳುಗಳ 14 ಎಲುಬುಗಳೂ ಇವೆ. ಹೆಬ್ಬೆರಳಿಗೆ ಎರಡು, ಉಳಿದ ಬೆರಳುಗಳಿಗೆ ತಲಾ ಮೂರು.

ಹರಡಿನ ಕೀಲು

ಕಾಲಿನ ಕೆಳತುದಿಯಲ್ಲಿ ಒಳಗೊಂದು ಹೊರಗೊಂದು ಗುಬಟು ಕೈಗೆ ಸಿಗುತ್ತವೆ. ಒಳಗಿನದು ಮೊಣಕಾಲಿನಿಂದ ಇಳಿದು ಬರುವ ದಪ್ಪ ಎಲುಬಿನ ತುದಿ. ಹೊರಗಿನದು ಅದರ ಪಕ್ಕದ ಸಪೂರ ಎಲುಬಿನ ತುದಿ. ಬಡಗಿ ಒಂದು ಮರದಲ್ಲಿ ತೂತು ಕೊರೆದು ಇನ್ನೊಂದರ ನಾಲಿಗೆಯನ್ನು ಅದಕ್ಕೆ ಕೂಡಿಸುತ್ತಾನಲ್ಲ, ಹಾಗೆಯೇ ಈ ಎರಡು ಗುಬಟುಗಳ ನಡುವೆ ಟೇಲಸ್ ಎಲುಬು ಕೂತಿದೆ. ಇದೇ ಹರಡಿನ ಕೀಲು.

ಈ ಕೀಲು ಬಾಗಿಲ ತಿರುಗಣಿಯ ಹಾಗೆ. ಪಾದವನ್ನು ಮೇಲಕ್ಕೆ ಸುಮಾರು 20 ಡಿಗ್ರಿ, ಕೆಳಕ್ಕೆ ಸುಮಾರು 50 ಡಿಗ್ರಿ ಬಾಗಿಸಬಹುದು. ಪಾದವನ್ನು ಒಳಕ್ಕೆ, ಹೊರಕ್ಕೆ ಹೊರಳಿಸುವ ಕೆಲಸ ಇದರದ್ದಲ್ಲ. ಅದನ್ನು ಟೇಲಸ್ ಮತ್ತು ಹಿಮ್ಮಡಿ ಎಲುಬುಗಳ ನಡುವೆ ಇರುವ ಇನ್ನೊಂದು ಕೀಲು ಮಾಡುತ್ತದೆ. ಎಡಬಿಡಂಗಿ ಕಲ್ಲುಗಳ ಮೇಲೆ, ಉಳುಮೆ ಮಾಡಿದ ಹೊಲದಲ್ಲಿ ಬೀಳದೆ ನಡೆಯಲು ಸಾಧ್ಯವಾಗುವುದು ಈ ಎರಡನೆಯ ಕೀಲಿನಿಂದ.

ಇಲ್ಲಿ ಗಮನಿಸಬೇಕಾದ ಮೂರು ಸಂಗತಿಗಳಿವೆ. ಮೊದಲನೆಯದು, ಟೇಲಸ್ ಎಲುಬು ಮುಂದೆ ಅಗಲ, ಹಿಂದೆ ಕಿರಿದು. ಪಾದ ಮೇಲಕ್ಕೆ ಬಾಗಿದಾಗ ಅಗಲದ ಭಾಗ ಗೂಡಿನಲ್ಲಿ ಬಿಗಿಯಾಗಿ ಕೂರುತ್ತದೆ. ಬೆರಳು ಕೆಳಗೆ ಮಾಡಿದಾಗ ಕಿರಿದಾದ ಭಾಗ ಬರುವುದರಿಂದ ಕೀಲು ಸಡಿಲ. ಮೆಟ್ಟಿಲು ಇಳಿಯುವಾಗ, ಏಣಿಯಿಂದ ಕೆಳಗೆ ಕಾಲಿಡುವಾಗ ಕಾಲು ಹೊರಳುವುದು ಹೆಚ್ಚು ಎಂಬುದಕ್ಕೆ ಇದು ಒಂದು ಕಾರಣ. ಎರಡನೆಯದು, ಹೊರಗಿನ ಗುಬಟು ಒಳಗಿನದಕ್ಕಿಂತ ಕೆಳಗಿದೆ. ಆದ್ದರಿಂದ ಪಾದ ಹೊರಕ್ಕೆ ಹೊರಳುವುದನ್ನು ಅದು ತಡೆಯುತ್ತದೆ. ಒಳಕ್ಕೆ ಹೊರಳುವುದಕ್ಕೆ ಅಷ್ಟು ತಡೆ ಇಲ್ಲ. ಮೂರನೆಯದು, ಒಳಬದಿಯಲ್ಲಿ ಬೀಸಣಿಗೆಯಂತೆ ಹರಡಿದ ಒಂದು ಗಟ್ಟಿ ಅಸ್ಥಿರಜ್ಜು ಇದೆ. ಹೊರಬದಿಯಲ್ಲಿ ಬೇರೆ ಬೇರೆಯಾದ ಮೂರು ಸಣ್ಣ ಪಟ್ಟಿಗಳಿವೆ. ಈ ಮೂರರಲ್ಲಿ ಮುಂದಿನದೇ ಎಲ್ಲಕ್ಕಿಂತ ದುರ್ಬಲ.

ಕಮಾನು ಮತ್ತು ಅಂಗಾಲಿನ ಪಟ್ಟಿ

ಒದ್ದೆ ಕಾಲಿನಲ್ಲಿ ಸಿಮೆಂಟ್ ನೆಲದ ಮೇಲೆ ನಡೆದು ನೋಡಿ. ಹೆಚ್ಚಿನವರ ಹೆಜ್ಜೆಗುರುತಿನಲ್ಲಿ ಒಳಬದಿ ಖಾಲಿ ಇರುತ್ತದೆ. ಅಲ್ಲಿ ಪಾದ ನೆಲಕ್ಕೆ ತಾಗಿಲ್ಲ. ಅದೇ ಪಾದದ ಒಳಕಮಾನು. ಹೊರಬದಿಯಲ್ಲಿ ಇನ್ನೊಂದು ತಗ್ಗಾದ ಕಮಾನು ಇದೆ, ಅಡ್ಡಲಾಗಿ ಮತ್ತೊಂದು. ಈ ಮೂರು ಕಮಾನುಗಳು ದೇಹದ ಭಾರವನ್ನು ಹಿಮ್ಮಡಿಗೂ ಬೆರಳಬುಡಕ್ಕೂ ಹಂಚುತ್ತವೆ, ನೆಲದ ಏಟನ್ನು ನುಂಗುತ್ತವೆ.

ಹಿಮ್ಮಡಿಯಿಂದ ಬೆರಳಬುಡದವರೆಗೆ ಅಂಗಾಲಿನಲ್ಲಿ ಒಂದು ಗಟ್ಟಿ ಪಟ್ಟಿ ಇದೆ. ಹೆಬ್ಬೆರಳನ್ನು ಮೇಲಕ್ಕೆ ಎತ್ತಿದರೆ ಈ ಪಟ್ಟಿ ಬಿಗಿಯಾಗಿ ಕಮಾನು ಏಳುತ್ತದೆ. ಬಾವಿಯ ರಾಟೆಗೆ ಹಗ್ಗ ಸುತ್ತಿದ ಹಾಗೆ ಎನ್ನಬಹುದು. ಇದನ್ನು 1954ರಲ್ಲಿ ಹಿಕ್ಸ್ ಎಂಬ ಇಂಗ್ಲೆಂಡಿನ ವೈದ್ಯರು ವಿವರಿಸಿದರು.

ಒಂದು ಹೆಜ್ಜೆಯಲ್ಲಿ ನಡೆಯುವುದೇನು?

ನಡೆಯುವಾಗ ಮೊದಲು ಹಿಮ್ಮಡಿ ನೆಲ ಮುಟ್ಟುತ್ತದೆ. ಮುಂಗಾಲಿನ ಸ್ನಾಯು ಪಾದವನ್ನು ಮೆಲ್ಲಗೆ ಇಳಿಸುತ್ತದೆ. ಇಲ್ಲದಿದ್ದರೆ ಪಾದ ನೆಲಕ್ಕೆ ತಪ್ಪನೆ ಬಡಿಯುತ್ತದೆ. ಆಮೇಲೆ ಇಡೀ ಪಾದ ನೆಲಕ್ಕೆ ತಾಗುತ್ತದೆ, ಕಮಾನು ತುಸು ಕುಸಿದು ಭಾರ ಹೊರುತ್ತದೆ, ನೆಲದ ಉಬ್ಬುತಗ್ಗಿಗೆ ಹೊಂದಿಕೊಳ್ಳುತ್ತದೆ. ಕೊನೆಗೆ ಹಿಮ್ಮಡಿ ಏಳುತ್ತದೆ, ಹೆಬ್ಬೆರಳು ಬಾಗುತ್ತದೆ, ಅಂಗಾಲಿನ ಪಟ್ಟಿ ಬಿಗಿಯಾಗುತ್ತದೆ, ಪಾದ ಗಟ್ಟಿಯಾದ ಸನಿಕೆಯಂತಾಗುತ್ತದೆ; ಮೀನಖಂಡದ ಸ್ನಾಯುಗಳು ದೇಹವನ್ನು ಮುಂದಕ್ಕೆ ತಳ್ಳುತ್ತವೆ. ಮೊದಲು ಮೆತ್ತಗೆ, ಆಮೇಲೆ ಗಟ್ಟಿ. ಒಂದೇ ಪಾದ ಅರೆಗಳಿಗೆಯೊಳಗೆ ಈ ಎರಡೂ ಆಗುತ್ತದೆ.

ಒಂದು ಹೆಜ್ಜೆಯ ಸುತ್ತಿನಲ್ಲಿ ಸುಮಾರು 60 ಭಾಗ ಸಮಯ ಪಾದ ನೆಲದ ಮೇಲಿರುತ್ತದೆ, 40 ಭಾಗ ಗಾಳಿಯಲ್ಲಿರುತ್ತದೆ. ನಡೆಯುವಾಗ ಪಾದದ ಮೇಲೆ ದೇಹದ ತೂಕಕ್ಕಿಂತ ಸ್ವಲ್ಪ ಹೆಚ್ಚು ಒತ್ತಡ ಬೀಳುತ್ತದೆ. ಓಡುವಾಗ ಎರಡು ಮೂರು ಪಟ್ಟು. ತಲೆಯ ಮೇಲೆ 25 ಕಿಲೋ ಹೊರೆ ಇದ್ದರೆ ಅದೂ ಈ ಲೆಕ್ಕಕ್ಕೆ ಸೇರುತ್ತದೆ.

ಮೀನಖಂಡದಿಂದ ಹಿಮ್ಮಡಿಗೆ ಇಳಿಯುವ ದಪ್ಪ ಹುರಿಯನ್ನು ಅಕಿಲಿಸ್ ಸ್ನಾಯುರಜ್ಜು ಎನ್ನುತ್ತಾರೆ. ಇಡೀ ದೇಹದಲ್ಲಿ ಇದಕ್ಕಿಂತ ದಪ್ಪ, ಇದಕ್ಕಿಂತ ಬಲವಾದ ಸ್ನಾಯುರಜ್ಜು ಬೇರೆ ಇಲ್ಲ.

ಉಳುಕು

ಹರಡಿನ ಪೆಟ್ಟುಗಳಲ್ಲಿ ಅತಿ ಸಾಮಾನ್ಯವಾದುದು ಉಳುಕು. ಹೆಚ್ಚಾಗಿ ಪಾದ ಒಳಕ್ಕೆ ಹೊರಳಿ ಹೊರಬದಿಯ ಅಸ್ಥಿರಜ್ಜು ಎಳೆಯಲ್ಪಡುತ್ತದೆ. ವೈದ್ಯರು ಇದನ್ನು ಮೂರು ದರ್ಜೆಗಳಲ್ಲಿ ನೋಡುತ್ತಾರೆ.

1. ರಜ್ಜು ಎಳೆದಿದೆ, ಹರಿದಿಲ್ಲ. ಸ್ವಲ್ಪ ಊತ, ಕುಂಟುತ್ತ ನಡೆಯಬಹುದು. ಒಂದೆರಡು ವಾರಗಳಲ್ಲಿ ಸುಧಾರಿಸುತ್ತದೆ.

2. ರಜ್ಜು ಅರ್ಧ ಹರಿದಿದೆ. ಊತ, ನೀಲಿಗಟ್ಟುವಿಕೆ, ನಡೆಯಲು ಕಷ್ಟ. ಹಲವು ವಾರಗಳು ಬೇಕು.

3. ರಜ್ಜು ಪೂರ್ತಿ ಹರಿದಿದೆ. ಕೀಲು ಅಲುಗಾಡುತ್ತದೆ, ಭಾರ ಹಾಕಲಾಗದು. ತಿಂಗಳುಗಳೇ ಬೇಕಾಗಬಹುದು.

ಮೊದಲ ಎರಡು ಮೂರು ದಿನ ಏನು ಮಾಡಬೇಕು? ಕೆಲಸ ನಿಲ್ಲಿಸಿ. ಕಾಲನ್ನು ದಿಂಬಿನ ಮೇಲೆ ಎದೆಯ ಮಟ್ಟಕ್ಕಿಂತ ಎತ್ತರ ಇಟ್ಟುಕೊಳ್ಳಿ. ಬೆರಳಿನ ಕಡೆಯಿಂದ ಮೇಲಕ್ಕೆ ಸಾಧಾರಣ ಬಿಗಿಯಲ್ಲಿ ಕ್ರೇಪ್ ಬ್ಯಾಂಡೇಜು ಸುತ್ತಿ. ನೋವು ಹೆಚ್ಚಿದ್ದರೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 10ರಿಂದ 15 ನಿಮಿಷ ಇಡಬಹುದು. ಮಂಜುಗಡ್ಡೆ ನೋವನ್ನು ತಗ್ಗಿಸುತ್ತದೆ, ಅದರಿಂದ ಗಾಯ ಬೇಗ ಮಾಗುತ್ತದೆಂದು ತಿಳಿಯಬೇಡಿ. 1978ರಲ್ಲಿ ವಿಶ್ರಾಂತಿ, ಮಂಜುಗಡ್ಡೆ, ಬಿಗಿಪಟ್ಟಿ, ಎತ್ತರ ಎಂಬ ನಾಲ್ಕು ಸೂತ್ರಗಳನ್ನು ಜನಪ್ರಿಯಗೊಳಿಸಿದ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಅವರೇ ಮುಂದೆ, ಅತಿಯಾದ ಮಂಜುಗಡ್ಡೆ ಮತ್ತು ಅತಿಯಾದ ವಿಶ್ರಾಂತಿ ಮಾಗುವಿಕೆಯನ್ನು ತಡಮಾಡಬಹುದು ಎಂದು ತಮ್ಮ ಅಭಿಪ್ರಾಯ ಬದಲಿಸಿದರು.

ಏನು ಮಾಡಬಾರದು? ಬಿಸಿ ಶಾಖ ಕೊಡಬೇಡಿ, ಎಣ್ಣೆ ಹಚ್ಚಿ ಬಲವಾಗಿ ತಿಕ್ಕಬೇಡಿ, ಎಳೆದು ಲಟಿಕೆ ತೆಗೆಸಬೇಡಿ. ಒಳಗೆ ಹರಿದ ರಜ್ಜು ಇನ್ನಷ್ಟು ಹರಿಯುತ್ತದೆ, ರಕ್ತ ಇನ್ನಷ್ಟು ಸೋರುತ್ತದೆ.

ಮೂರು ನಾಲ್ಕು ದಿನದ ಮೇಲೆ ನೋವು ಸಹಿಸುವಷ್ಟರ ಮಟ್ಟಿಗೆ ಕಾಲನ್ನು ಆಡಿಸಲು ಶುರುಮಾಡಿ. ಕೂತುಕೊಂಡು ಹೆಬ್ಬೆರಳಿನಿಂದ ಗಾಳಿಯಲ್ಲಿ ಅ, ಆ, ಇ, ಈ ಎಂದು ಅಕ್ಷರಮಾಲೆ ಬರೆಯಿರಿ. ಕೀಲಿನ ಎಲ್ಲ ಚಲನೆಗಳೂ ಅದರಲ್ಲಿ ಬಂದುಬಿಡುತ್ತವೆ. ನೋವು ಇಳಿದ ಮೇಲೆ ಗೋಡೆ ಹಿಡಿದು ಒಂಟಿಕಾಲಿನಲ್ಲಿ ಅರ್ಧ ನಿಮಿಷ ನಿಲ್ಲುವುದನ್ನು ದಿನವೂ ಮಾಡಿ. ಒಮ್ಮೆ ಉಳುಕಿದ ಕಾಲು ಮತ್ತೆ ಮತ್ತೆ ಉಳುಕುವುದಕ್ಕೆ ಮುಖ್ಯ ಕಾರಣ, ಸಮತೋಲ ಕಾಯುವ ನರ-ಸ್ನಾಯುಗಳಿಗೆ ಮರುಪಾಠ ಆಗದೇ ಇರುವುದು.

ಉಳುಕೋ, ಮುರಿತವೋ?

ಕೂಲಿಯವರು ಆಸ್ಪತ್ರೆಗೆ ಹೋಗದಿರುವುದಕ್ಕೆ ಒಂದು ಕಾರಣ, ಎಕ್ಸ್‌ರೇ ಬೇಕೇ ಬೇಡವೇ ಎಂದು ತಿಳಿಯದೇ ಇರುವುದು. 1992ರಲ್ಲಿ ಕೆನಡಾದ ಒಟ್ಟಾವಾ ನಗರದ ವೈದ್ಯರು ಇದಕ್ಕೊಂದು ಸರಳ ಸೂತ್ರ ಕೊಟ್ಟರು. ಇಂದು ಪ್ರಪಂಚದ ಎಲ್ಲೆಡೆ ಇದನ್ನು ಬಳಸುತ್ತಾರೆ. ಅದರ ತಿರುಳು ಇಷ್ಟು:

ಪೆಟ್ಟಾದ ಕೂಡಲೇ ಮತ್ತು ಆಸ್ಪತ್ರೆಯಲ್ಲಿ ನೋಡುವಾಗ ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ ಎಕ್ಸ್‌ರೇ ಬೇಕು.

ಒಳಗಿನ ಅಥವಾ ಹೊರಗಿನ ಗುಬಟಿನ ತುದಿಯನ್ನು, ಅಥವಾ ಅದರ ಹಿಂದಿನ ಅಂಚಿನ ಕೆಳಗಿನ 6 ಸೆಂಟಿಮೀಟರ್ ಭಾಗವನ್ನು ಒತ್ತಿದಾಗ ಎಲುಬಿನ ಮೇಲೆಯೇ ನೋವಾದರೆ ಎಕ್ಸ್‌ರೇ ಬೇಕು.

ಪಾದದ ಹೊರ ಅಂಚಿನ ನಡುವೆ ಕೈಗೆ ಸಿಗುವ ಗುಬಟನ್ನು, ಅಂದರೆ ಕಿರುಬೆರಳಿನ ಉದ್ದ ಎಲುಬಿನ ಬುಡವನ್ನು, ಅಥವಾ ಒಳಕಮಾನಿನ ತುದಿಯ ಎಲುಬನ್ನು ಒತ್ತಿದಾಗ ನೋವಾದರೆ ಪಾದದ ಎಕ್ಸ್‌ರೇ ಬೇಕು.

ಇವು ಯಾವುವೂ ಇಲ್ಲದಿದ್ದರೆ ಮುರಿತದ ಸಾಧ್ಯತೆ ಬಹಳ ಕಡಿಮೆ. ಆದರೆ ಮದ್ಯಪಾನ ಮಾಡಿದವರಲ್ಲಿ, ಪಾದದ ಸ್ಪರ್ಶಜ್ಞಾನ ಕಡಿಮೆಯಾದವರಲ್ಲಿ, ಚಿಕ್ಕ ಮಕ್ಕಳಲ್ಲಿ ಈ ಸೂತ್ರವನ್ನು ನಂಬಬಾರದು.

ನಾಟಿ ಕಟ್ಟು ಕಟ್ಟುವವರ ಬಗ್ಗೆ ಒಂದು ಮಾತು. ಉತ್ತರ ಕರ್ನಾಟಕದಲ್ಲೂ ಕರಾವಳಿಯಲ್ಲೂ ಎಲುಬಿನ ಕಟ್ಟು ಕಟ್ಟುವ ಮನೆತನಗಳಿವೆ, ಜನ ಅವರನ್ನು ನಂಬುತ್ತಾರೆ. ಅವರ ಕೈಗುಣವನ್ನು ಹೀಗಳೆಯುವುದು ಈ ಲೇಖನದ ಉದ್ದೇಶವಲ್ಲ. ಆದರೆ ಎಕ್ಸ್‌ರೇ ನೋಡದೆ ಬಿದಿರ ದಬ್ಬೆಯಿಟ್ಟು ಬಿಗಿಯಾಗಿ ಕಟ್ಟಿದರೆ, ಊತ ಏರಿದಂತೆ ರಕ್ತ ಸಂಚಾರ ನಿಂತುಹೋಗಬಹುದು. ಕಟ್ಟಿದ ಮೇಲೆ ಬೆರಳುಗಳು ತಣ್ಣಗಾದರೆ, ಬಿಳಿಚಿದರೆ ಅಥವಾ ನೀಲಿಯಾದರೆ, ಜೋಮು ಹಿಡಿದರೆ, ಬೆರಳನ್ನು ಮೆಲ್ಲಗೆ ಎತ್ತಿದರೂ ತಾಳಲಾರದ ನೋವಾದರೆ ಆ ಕ್ಷಣವೇ ಕಟ್ಟನ್ನು ಸಡಿಲಿಸಿ ಆಸ್ಪತ್ರೆಗೆ ಹೋಗಬೇಕು. ಬೆಳಗಾಗಲಿ ಎಂದು ಕಾಯಬಾರದು. ಕೆಲವೇ ಗಂಟೆಗಳಲ್ಲಿ ಸ್ನಾಯು ಸಾಯುತ್ತದೆ, ಕಾಲನ್ನೇ ಕಳೆದುಕೊಳ್ಳಬೇಕಾದೀತು.

ಸಾರುವೆಯಿಂದ ಬಿದ್ದಾಗ

ಕಟ್ಟಡ ಕೆಲಸದವರಿಗೆ ಬರುವ ದೊಡ್ಡ ಪೆಟ್ಟು ಇದು. ಸಾರುವೆಯಿಂದ, ಏಣಿಯಿಂದ, ತೆಂಗಿನಮರದಿಂದ ಬಿದ್ದು ಕಾಲ ಮೇಲೆ ನಿಂತವನ ಹಿಮ್ಮಡಿ ಎಲುಬು ನುಚ್ಚಾಗುತ್ತದೆ. ಮೇಲಿನಿಂದ ದೇಹದ ಭಾರ, ಕೆಳಗಿನಿಂದ ನೆಲದ ಏಟು. ನಡುವೆ ಸಿಕ್ಕಿದ ಹಿಮ್ಮಡಿ ಎಲುಬು ಒಡೆದು ಅಗಲವಾಗುತ್ತದೆ. ಹಿಮ್ಮಡಿ ದಪ್ಪವಾಗುತ್ತದೆ, ಅಂಗಾಲಿನಲ್ಲಿ ನೀಲಿ ಕಾಣಿಸುತ್ತದೆ, ಕಾಲೂರಲು ಆಗುವುದಿಲ್ಲ.

ಇಲ್ಲಿ ಮರೆಯಬಾರದ ಸಂಗತಿ: ಹೀಗೆ ಬಿದ್ದ ಹತ್ತರಲ್ಲಿ ಸುಮಾರು ಒಬ್ಬರಿಗೆ ಸೊಂಟದ ಭಾಗದ ಬೆನ್ನೆಲುಬೂ ಮುರಿದಿರುತ್ತದೆ. ಕಾಲಿನ ನೋವಿನಲ್ಲಿ ಬೆನ್ನಿನ ನೋವು ಗಮನಕ್ಕೆ ಬಾರದೆ ಹೋಗಬಹುದು. ಆದ್ದರಿಂದ ಬಿದ್ದವನನ್ನು ಕಂಕುಳಿಗೆ ಕೈಹಾಕಿ ಎಬ್ಬಿಸಿ ಕೂರಿಸಬೇಡಿ, ಆಟೋದಲ್ಲಿ ಮಡಚಿ ಕೂರಿಸಿ ಕರೆದೊಯ್ಯಬೇಡಿ. ಮಲಗಿದಲ್ಲೇ ಇರಲಿ, 108ಕ್ಕೆ ಕರೆ ಮಾಡಿ, ಹಲಗೆಯ ಮೇಲೆ ಸಾಗಿಸಿ. ಎರಡೂ ಹಿಮ್ಮಡಿಗಳನ್ನೂ ಬೆನ್ನನ್ನೂ ನೋಡುವಂತೆ ವೈದ್ಯರಿಗೆ ಹೇಳಿ.

ಈ ಮುರಿತಕ್ಕೆ ಶಸ್ತ್ರಚಿಕಿತ್ಸೆ ಆದರೂ ಆಗದಿದ್ದರೂ ಎರಡು ಮೂರು ತಿಂಗಳು ಕಾಲಿಗೆ ಭಾರ ಹಾಕುವಂತಿಲ್ಲ. ಹೊರೆ ಹೊರುವ ಕೆಲಸಕ್ಕೆ ಮರಳಲು ವರ್ಷವೇ ಹಿಡಿಯಬಹುದು. ಕೆಲವರಿಗೆ ಆ ಕೆಲಸಕ್ಕೆ ಮರಳಲು ಆಗುವುದೇ ಇಲ್ಲ. ಊರಿನಿಂದ 400 ಕಿಲೋಮೀಟರ್‌ಗೂ ದೂರ ತಗಡಿನ ಗುಡಿಸಲಲ್ಲಿ ಇರುವ ಕುಟುಂಬಕ್ಕೆ ಈ ಮಾತಿನ ಅರ್ಥ ಏನೆಂದು ಓದುಗರು ಊಹಿಸಬಲ್ಲರು.

ಕಲ್ಲು, ಮೊಳೆ, ಮುಳ್ಳು

ಇಳಕಲ್ ಮತ್ತು ಕುಷ್ಟಗಿ ಸುತ್ತಿನ ಕೆಂಪು ಗ್ರಾನೈಟ್ ಹೆಸರುವಾಸಿ. ಕ್ವಾರಿಗಳಲ್ಲಿ, ಕಲ್ಲು ಸಾಗಿಸುವಲ್ಲಿ ಪಾದದ ಮೇಲೆ ಕಲ್ಲು ಬಿದ್ದು ಜಜ್ಜುವುದು ಒಂದು ಬಗೆಯ ಅಪಘಾತ. ಚರ್ಮ ಹರಿಯದಿದ್ದರೂ ಒಳಗೆ ಊತ ಏರಿ ರಕ್ತ ಸಂಚಾರ ನಿಲ್ಲಬಹುದು. ಜಜ್ಜಿದ ಪಾದವನ್ನು ಅದೇ ದಿನ ವೈದ್ಯರಿಗೆ ತೋರಿಸಬೇಕು.

ಸೆಂಟ್ರಿಂಗ್ ಹಲಗೆಯ ತುಕ್ಕು ಮೊಳೆ ಹವಾಯಿ ಚಪ್ಪಲಿಯನ್ನು ತೂರಿ ಅಂಗಾಲಿಗೆ ಇಳಿಯುವುದು ಇನ್ನೊಂದು. ಹೊರಗೆ ಚುಕ್ಕೆಯಷ್ಟೇ ಗಾಯ. ಒಳಗೆ ಮಣ್ಣು, ರಬ್ಬರಿನ ಚೂರು, ರೋಗಾಣುಗಳು. ಸಾಬೂನು ಮತ್ತು ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಸುಣ್ಣ, ಅರಿಶಿನ, ಕಾಫಿಪುಡಿ ತುಂಬಬೇಡಿ. ಧನುರ್ವಾಯುವಿನ ಕೊನೆಯ ಚುಚ್ಚುಮದ್ದು ಆಗಿ 5 ವರ್ಷ ಕಳೆದಿದ್ದರೆ ಅಥವಾ ನೆನಪೇ ಇಲ್ಲದಿದ್ದರೆ ಕೂಡಲೇ ಹಾಕಿಸಿಕೊಳ್ಳಿ. ನಾಲ್ಕೈದು ದಿನದ ಮೇಲೆ ಮತ್ತೆ ನೋವು, ಊತ ಬಂದರೆ ಎಲುಬಿಗೆ ಸೋಂಕು ತಗಲಿರಬಹುದು.

ಕುಷ್ಟಗಿಯಂಥ ಒಣ ಸೀಮೆಯ ಹೊಲದ ಬದುಗಳಲ್ಲಿ ಬಳ್ಳಾರಿ ಜಾಲಿ ಹಬ್ಬಿದೆ. ಬರಿಗಾಲಿಗೆ ಮತ್ತೆ ಮತ್ತೆ ಮುಳ್ಳು ಚುಚ್ಚುವವರಲ್ಲಿ ಅಪರೂಪಕ್ಕೆ ಒಂದು ದೀರ್ಘಕಾಲದ ರೋಗ ಬರುತ್ತದೆ. ಪಾದ ನೋವಿಲ್ಲದೆ ದಪ್ಪವಾಗುತ್ತದೆ, ಹಲವು ತೂತುಗಳಾಗಿ ಅವುಗಳಿಂದ ಕರಿಯ ಅಥವಾ ಬಿಳಿಯ ಕಾಳಿನಂಥ ಕಣಗಳು ಬರುತ್ತವೆ. 1842ರಲ್ಲಿ ಮಧುರೈಯಲ್ಲಿ ಇದನ್ನು ಗುರುತಿಸಿದ್ದರಿಂದ ಮದುರಾ ಪಾದ ಎಂಬ ಹೆಸರು ಬಂತು. 1860ರ ಸುಮಾರಿಗೆ ಮುಂಬಯಿಯಲ್ಲಿ ಇದನ್ನು ಕೂಲಂಕಷವಾಗಿ ಅಧ್ಯಯನ ಮಾಡಿದ ವೈದ್ಯ ಹೆನ್ರಿ ವ್ಯಾಂಡೈಕ್ ಕಾರ್ಟರ್. ಇಂದಿಗೂ ವೈದ್ಯ ವಿದ್ಯಾರ್ಥಿಗಳು ಓದುವ ಗ್ರೇ ಅವರ ಅಂಗರಚನಾ ಗ್ರಂಥದ 1858ರ ಮೊದಲ ಆವೃತ್ತಿಗೆ ಚಿತ್ರಗಳನ್ನು ಬರೆದವರೂ ಇವರೇ. ಆರಂಭದಲ್ಲೇ ತೋರಿಸಿದರೆ ಪಾದ ಉಳಿಯುತ್ತದೆ. ತಡೆಯುವ ಉಪಾಯವಂತೂ ಒಂದು ಜೊತೆ ಚಪ್ಪಲಿ.

ನಿಧಾನವಾಗಿ ಬರುವ ನೋವುಗಳು

ಎಲ್ಲ ಪೆಟ್ಟೂ ಒಂದೇ ಕ್ಷಣದಲ್ಲಿ ಆಗುವುದಿಲ್ಲ.

ಹಿಮ್ಮಡಿ ನೋವು: ಬೆಳಿಗ್ಗೆ ಹಾಸಿಗೆಯಿಂದ ಎದ್ದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿಯ ಕೆಳಗೆ ಮೊಳೆ ಹೊಡೆದಂಥ ನೋವು, ನಾಲ್ಕು ಹೆಜ್ಜೆ ನಡೆದ ಮೇಲೆ ಕಡಿಮೆ. ಅಂಗಾಲಿನ ಪಟ್ಟಿ ಹಿಮ್ಮಡಿಗೆ ಅಂಟುವ ಜಾಗದ ಸವೆತ ಇದಕ್ಕೆ ಕಾರಣ. ದಿನವಿಡೀ ನಿಂತು ಕೆಲಸ ಮಾಡುವವರಿಗೆ, ತೂಕ ಹೆಚ್ಚಿರುವವರಿಗೆ, ಗಟ್ಟಿ ನೆಲದಲ್ಲಿ ಬರಿಗಾಲಲ್ಲಿ ಓಡಾಡುವ ಗೃಹಿಣಿಯರಿಗೆ ಇದು ಸಾಮಾನ್ಯ. ಏಳುವ ಮೊದಲು ಕೈಯಿಂದ ಹೆಬ್ಬೆರಳನ್ನು ಮೇಲಕ್ಕೆ ಎಳೆದು ಹಿಡಿಯುವುದು, ಗೋಡೆಗೆ ಕೈಕೊಟ್ಟು ಮೀನಖಂಡವನ್ನು ಹಿಗ್ಗಿಸುವುದು, ಮೆತ್ತನೆಯ ಚಪ್ಪಲಿ ಧರಿಸುವುದು – ಇಷ್ಟರಿಂದಲೇ ಹೆಚ್ಚಿನವರಿಗೆ ಒಂದು ವರ್ಷದೊಳಗೆ ವಾಸಿಯಾಗುತ್ತದೆ.

ನಡಿಗೆಯ ಮುರಿತ: 1855ರಲ್ಲಿ ಪ್ರಷ್ಯಾದ ಸೇನಾವೈದ್ಯ ಬ್ರೈಟ್‌ಹಾಪ್ಟ್, ದೂರ ನಡೆದ ಸೈನಿಕರ ಪಾದ ಊದಿಕೊಂಡು ನೋಯುವುದನ್ನು ವರ್ಣಿಸಿದರು. ಬೆರಳಬುಡದ ಉದ್ದ ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು ಅದಕ್ಕೆ ಕಾರಣವೆಂದು ಎಕ್ಸ್‌ರೇ ಬಂದ ಮೇಲೆ ತಿಳಿಯಿತು. ಹುಲಿಗಿಯ ಹುಣ್ಣಿಮೆಗೆ ಕಾಲ್ನಡಿಗೆಯಲ್ಲಿ ಹೋಗುವ ಭಕ್ತರಾಗಲಿ, ವೇಳಾಂಗಣಿಗೋ ಅತ್ತೂರಿಗೋ ಪಾದಯಾತ್ರೆ ಮಾಡುವ ನಮ್ಮವರಾಗಲಿ, ಅಭ್ಯಾಸವಿಲ್ಲದೆ ಒಮ್ಮೆಲೇ ಹತ್ತಾರು ಕಿಲೋಮೀಟರ್ ನಡೆದರೆ ಇದು ಬರಬಹುದು. ಮೊದಲ ಎರಡು ವಾರ ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ಪಾದಯಾತ್ರೆಗೆ ಒಂದು ತಿಂಗಳು ಮೊದಲೇ ದಿನವೂ ಸ್ವಲ್ಪ ಸ್ವಲ್ಪ ನಡಿಗೆ ಹೆಚ್ಚಿಸಿ. ಹೊಸ ಬೂಟು ಹಾಕಿ ಹೊರಡಬೇಡಿ.

ಅಕಿಲಿಸ್ ಹರಿತ: ಎಷ್ಟೋ ದಿನದ ಮೇಲೆ ವಾಲಿಬಾಲ್ ಆಡಲು ಇಳಿದ ನಡುವಯಸ್ಸಿನವನಿಗೆ ಯಾರೋ ಹಿಂದಿನಿಂದ ಒದ್ದಂತಾಗಿ ಟಪ್ ಎಂದು ಸದ್ದು ಕೇಳಿಸುತ್ತದೆ. ತಿರುಗಿ ನೋಡಿದರೆ ಯಾರೂ ಇಲ್ಲ. ಆಮೇಲೆ ಒಂಟಿಕಾಲ ತುದಿಬೆರಳಿನ ಮೇಲೆ ನಿಲ್ಲಲು ಆಗುವುದಿಲ್ಲ. ಇದನ್ನು ಉಳುಕು ಎಂದು ಬಿಡಬಾರದು.

ನೀರಿನಿಂದ ಬರುವ ಕಾಲುನೋವು

ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ಹಳೆಯ ಸಮಸ್ಯೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಒಂದು ಲೀಟರಿನಲ್ಲಿ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು. ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ. ಅದಕ್ಕೂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೊದಲು ಮಕ್ಕಳ ಹಲ್ಲಿನಲ್ಲಿ ಹಳದಿ-ಕಂದು ಗೆರೆಗಳು ಮೂಡುತ್ತವೆ, ಮುಂದೆ ಎಲುಬು ಮತ್ತು ಅಸ್ಥಿರಜ್ಜುಗಳಲ್ಲಿ ಸುಣ್ಣ ಕೂಡುತ್ತದೆ. ಬಳುಕಬೇಕಾದ ರಜ್ಜು ಕಡ್ಡಿಯಂತಾಗುತ್ತದೆ. ಬೆನ್ನು, ಮಂಡಿ, ಹರಡುಗಳು ಬಿಗಿಯುತ್ತವೆ. ಕುಕ್ಕರುಗಾಲಲ್ಲಿ ಕೂರಲು ಆಗುವುದಿಲ್ಲ. ಇದಕ್ಕೆ ಎಣ್ಣೆ ತಿಕ್ಕಿ ಫಲವಿಲ್ಲ. ಮದ್ದು ಒಂದೇ, ಶುದ್ಧ ನೀರು. ನದಿ ನೀರನ್ನು ಹಳ್ಳಿಗಳಿಗೆ ತರುವ ಯೋಜನೆಗಳ ಬೆಲೆ ಇಲ್ಲಿ ಅರ್ಥವಾಗುತ್ತದೆ. ಆ ಕಡೆಯಿಂದ ಬಂದ ಕೆಲಸಗಾರ ಮೈಕೈ ಬಿಗಿತ ಹೇಳಿಕೊಂಡರೆ ಸೋಮಾರಿತನ ಎನ್ನುವ ಮೊದಲು ಇದನ್ನು ನೆನೆಯಬೇಕು.

ನೀರು ಶುದ್ಧವಾದರೆ ಕಾಲು ಉಳಿಯುತ್ತದೆ ಎಂಬುದಕ್ಕೆ ನಮ್ಮಲ್ಲೇ ಸಾಕ್ಷಿ ಇದೆ. ಇಳಿಮೆಟ್ಟಿಲ ಬಾವಿಯ ನೀರು ಕುಡಿದವರ ಪಾದ, ಹರಡುಗಳಿಂದ ಉದ್ದನೆಯ ಹುಳು ಹೊರಬರುವ ನಾರುಹುಣ್ಣು ಕರ್ನಾಟಕವೂ ಸೇರಿದಂತೆ ಏಳು ರಾಜ್ಯಗಳನ್ನು ಕಾಡುತ್ತಿತ್ತು. ಬಟ್ಟೆಯಲ್ಲಿ ಸೋಸಿದ ನೀರು, ಕೈಪಂಪು ಮತ್ತು ಆರೋಗ್ಯ ಕಾರ್ಯಕರ್ತರ ತಿರುಗಾಟದಿಂದ ಅದು ಅಳಿಯಿತು. 2000ದ ಫೆಬ್ರುವರಿಯಲ್ಲಿ ಭಾರತ ಈ ರೋಗದಿಂದ ಮುಕ್ತವೆಂದು ಘೋಷಣೆಯಾಯಿತು.

ನೋವಿಲ್ಲದ ಪಾದ

ನೋವು ಶತ್ರುವೆಂದು ನಾವು ತಿಳಿದಿದ್ದೇವೆ. ಆದರೆ ನೋವು ತಿಳಿಯದ ಪಾದ ಹೆಚ್ಚು ಅಪಾಯದಲ್ಲಿದೆ. ಸಕ್ಕರೆ ಕಾಯಿಲೆ ಹಳೆಯದಾದಂತೆ ಪಾದದ ನರಗಳು ಜಡವಾಗುತ್ತವೆ. ಚಪ್ಪಲಿಯೊಳಗಿನ ಕಲ್ಲು, ಕಾದ ಡಾಂಬರು, ಬೆರಳ ಸಂದಿನ ಹುಣ್ಣು ಗೊತ್ತೇ ಆಗುವುದಿಲ್ಲ.

ಕುಷ್ಠರೋಗದಲ್ಲೂ ಹೀಗೆಯೇ. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದ ಡಾ. ಪಾಲ್ ಬ್ರಾಂಡ್, ಬೆರಳುಗಳು ರೋಗದಿಂದ ಕೊಳೆತು ಉದುರುವುದಲ್ಲ, ನೋವು ತಿಳಿಯದ ಕಾರಣ ಮತ್ತೆ ಮತ್ತೆ ಆಗುವ ಪೆಟ್ಟಿನಿಂದ ಹಾಳಾಗುವುದು ಎಂದು ತೋರಿಸಿಕೊಟ್ಟರು. ಮೃದುವಾದ ರಬ್ಬರಿನ ಅಟ್ಟೆಯ ಪಾದರಕ್ಷೆಗಳು ಅಂಥವರ ಪಾದ ಉಳಿಸಿದವು. ಇಂದು ಸಕ್ಕರೆ ಕಾಯಿಲೆಯವರಿಗೂ ಅಂಥ ಚಪ್ಪಲಿಗಳನ್ನೇ ಸೂಚಿಸುತ್ತಾರೆ. ನಮ್ಮ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಆಗಸ್ಟಸ್ ಮುಲ್ಲರ್ 1890ರಲ್ಲೇ ಕುಷ್ಠರೋಗಿಗಳಿಗೆ ಆಶ್ರಯ ತೆರೆದಿದ್ದರು ಎಂಬುದನ್ನು ಇಲ್ಲಿ ನೆನೆಯುವುದು ಯೋಗ್ಯ.

ಸಕ್ಕರೆ ಕಾಯಿಲೆ ಇರುವವರು ಪ್ರತಿ ರಾತ್ರಿ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಬೇಕು, ಇಲ್ಲವೇ ಮನೆಯವರಿಂದ ನೋಡಿಸಬೇಕು. ಮನೆಯೊಳಗೂ ಬರಿಗಾಲು ಬೇಡ. ಆಣಿಯನ್ನು ಬ್ಲೇಡಿನಿಂದ ಕೊಯ್ಯಬೇಡಿ. ವರ್ಷಕ್ಕೊಮ್ಮೆ ಪಾದದ ಸ್ಪರ್ಶಪರೀಕ್ಷೆ ಮಾಡಿಸಿ. ಪೆಟ್ಟಿಲ್ಲದೆ ಪಾದ ಕೆಂಪಾಗಿ, ಬಿಸಿಯಾಗಿ ಊದಿಕೊಂಡರೆ ನೋವಿಲ್ಲದಿದ್ದರೂ ಕಾಲೂರದೆ ವೈದ್ಯರ ಬಳಿಗೆ ಹೋಗಿ. ಒಳಗೆ ಎಲುಬುಗಳು ಕುಸಿಯುತ್ತಿರಬಹುದು.

ನಾವು ಮಾಡಬಹುದಾದುದು

ಕೊಪ್ಪಳ ಜಿಲ್ಲೆ ಬಳ್ಳಾರಿ ಧರ್ಮಪ್ರಾಂತ್ಯಕ್ಕೆ ಸೇರಿದೆ. ಆದರೆ ಅಲ್ಲಿಂದ ಬಂದವರು ನಮ್ಮ ಧರ್ಮಕೇಂದ್ರದ ಗಡಿಯೊಳಗೆ ವಾಸವಾಗಿದ್ದಾರೆ. ಅವರು ಯಾವ ಧರ್ಮದವರಾದರೂ ನಮ್ಮ ನೆರೆಯವರೇ. ಧರ್ಮಕೇಂದ್ರಗಳ ಕಾರ್ಯಕರ್ತರು, ಭಗಿನಿಯರು, ಯುವಜನರು ಈ ಕೆಲವನ್ನು ಮನಸ್ಸಿಗೆ ತಂದುಕೊಳ್ಳಬಹುದು.

1. ಮನೆ, ಸಭಾಭವನ, ಶಾಲೆ ಕಟ್ಟಿಸುವಾಗ ಕೆಲಸಗಾರರಿಗೆ ಗಟ್ಟಿ ಅಟ್ಟೆಯ ಬೂಟು ಇದೆಯೇ, ಸಾರುವೆಗೆ ತಡೆಗಂಬಿ ಇದೆಯೇ ಎಂದು ಗುತ್ತಿಗೆದಾರರನ್ನು ಕೇಳಿ. ಮಾಲೀಕರು ಕೇಳಿದರೆ ಮಾತ್ರ ಅದು ಬರುತ್ತದೆ. ಸೆಂಟ್ರಿಂಗ್ ಬಿಚ್ಚಿದ ದಿನವೇ ಹಲಗೆಯ ಮೊಳೆ ಕೀಳಿಸಿ.

2. 18ರಿಂದ 60 ವರ್ಷದೊಳಗಿನ, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿಕೊಳ್ಳಬಹುದು. ಅಪಘಾತ, ಚಿಕಿತ್ಸೆ, ದುರ್ಬಲತೆಗೆ ಅಲ್ಲಿ ಸಹಾಯವಿದೆ. ಓದುಬರಹ ಬಲ್ಲ ಒಬ್ಬ ಯುವಕ ಒಂದು ಭಾನುವಾರ ಕೂತರೆ ಹಲವರ ಅರ್ಜಿ ತುಂಬಿಸಿಕೊಡಬಹುದು.

3. ಕಾಲು ಮುರಿದು ಊರಿಗೆ ಮರಳುವವನ ಕೈಗೆ ಎಕ್ಸ್‌ರೇ ಮತ್ತು ಚಿಕಿತ್ಸೆಯ ಚೀಟಿ ಕೊಟ್ಟು ಕಳುಹಿಸಿ, ಮುಂದೆ ಯಾವ ದಿನ ತೋರಿಸಬೇಕೆಂದು ಬರೆದುಕೊಡಿ. ಕುಷ್ಟಗಿಯಲ್ಲಿ ತಾಲ್ಲೂಕು ಆಸ್ಪತ್ರೆ ಇದೆ. ಕೊಪ್ಪಳದಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಇದೆ. ಚೀಟಿ ಇಲ್ಲದೆ ಹೋದವನ ಚಿಕಿತ್ಸೆ ಮತ್ತೆ ಮೊದಲಿನಿಂದ ಶುರುವಾಗಬೇಕು.

4. ಒಂದು ಜೊತೆ ಊರುಗೋಲು, ಎರಡು ಕ್ರೇಪ್ ಬ್ಯಾಂಡೇಜು ಪ್ರತಿ ಧರ್ಮಕೇಂದ್ರದಲ್ಲಿ ಇರಲಿ. ಬೇಕಾದವರು ಕೊಂಡೊಯ್ದು ವಾಸಿಯಾದ ಮೇಲೆ ಹಿಂದಿರುಗಿಸಲಿ.

ಪ್ರತಿ ವರ್ಷ ಪವಿತ್ರ ಗುರುವಾರ ನಮ್ಮ ಬಲಿಪೀಠಗಳ ಮುಂದೆ ಹನ್ನೆರಡು ಜನರ ಪಾದ ತೊಳೆಯುತ್ತೇವೆ. ಅಂದು ಪಾದಗಳನ್ನು ಮೊದಲೇ ಸ್ವಚ್ಛ ಮಾಡಿಕೊಂಡು ಬಂದಿರುತ್ತಾರೆ. ಬಿರುಕುಬಿಟ್ಟ ಹಿಮ್ಮಡಿ, ಸಿಮೆಂಟ್ ಹಿಡಿದ ಬೆರಳು, ಊದಿದ ಹರಡು ಇರುವ ಪಾದಗಳು ಚರ್ಚಿನ ಹೊರಗೆ ನಮ್ಮದೇ ಕಟ್ಟಡದ ಏಣಿ ಹತ್ತುತ್ತಿವೆ. ಅವುಗಳಿಗೆ ಒಂದು ಜೊತೆ ಬೂಟು, ಸಮಯಕ್ಕೆ ಒಂದು ಎಕ್ಸ್‌ರೇ, ವಾಸಿಯಾಗುವವರೆಗೆ ಎರಡು ಹೊತ್ತಿನ ಊಟ ಸಿಗುವಂತೆ ನೋಡಿಕೊಳ್ಳುವುದು ನಮ್ಮಿಂದ ಆಗುವ ಕೆಲಸ.